ತೊರೆಯಲ್ಪಟ್ಟ ಮಗನಾದ ಕರ್ಣನು

ಬೆಂಗಳೂರಿನ ಹನುಮಂತನಗರದ ಕೆ. ಎಚ್. ಕಲಾಸೌಧದಲ್ಲಿ ನಾಟಕಗಳು ನಡೆಯುವ ಹಾಗೆ ನಮ್ಮ ಹಳ್ಳಿಗಳಲ್ಲಿ ಬಯಲಾಟಗಳು ನಡೆಯುತ್ತವೆ. ಭಾರತದ ಕಥೆಯನ್ನು ಎಲ್ಲಿ ನೋಡಿದರೂ ಕೌರವರ ಪಕ್ಷದವರನ್ನು ಒಟ್ಟಾಗಿ ದುಷ್ಟರೆಂದು ಎಣಿಸುವದು ಸುಲಭ. ಕರ್ಣನ ಬಳಿಗೆ ಬಂದಾಗ ಮಾತ್ರ ನಮ್ಮ ತೀರ್ಪು ತಡವರಿಸುತ್ತದೆ.

ಅವನ ತಪ್ಪನ್ನು ನಾವು ಮುಚ್ಚುವದಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಯ ವಸ್ತ್ರವನ್ನು ಸೆಳೆಯಲು ಹೇಳಿದವನು ಅವನೇ. ಅಭಿಮನ್ಯುವಿನ ಬಿಲ್ಲನ್ನು ಕಡಿದವನೂ ಅವನೇ. ಆದರೆ ಇವನು ಹೇಗೆ ಇಂಥವನಾದನು? ಮದುವೆಯಾಗದ ಕುಂತಿಯು ಲೋಕನಿಂದೆಗೆ ಅಂಜಿ ಹಸುಗೂಸನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳಷ್ಟೆ. ಸೂತನಾದ ಅಧಿರಥನೂ ಅವನ ಹೆಂಡತಿ ರಾಧೆಯೂ ಮಗುವನ್ನು ಎತ್ತಿಕೊಂಡು ಸಾಕಿದರು. ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ತನ್ನ ಮಲಮೂತ್ರಗಳನ್ನು ಬಳಿದ ತಾಯಿಯನ್ನು ಹೇಗೆ ಬಿಡಲಿ ಎಂದು ಕರ್ಣನೇ ಕೃಷ್ಣನಿಗೆ ಹೇಳುತ್ತಾನೆ. ಕೊರತೆಯಿದ್ದದ್ದು ಹೊರಗೆ. ಅಸ್ತ್ರಪರೀಕ್ಷೆಯ ರಂಗದಲ್ಲಿ ಅವನು ಅರ್ಜುನನನ್ನು ಕರೆದಾಗ, ನಿನ್ನ ತಂದೆತಾಯಿಗಳು ಯಾರೆಂದು ಕೃಪನು ಕೇಳಿದನು. ಕರ್ಣನು ತಲೆ ತಗ್ಗಿಸಿದನು. ಕುಂತಿಯು ಅಲ್ಲಿಯೇ ಕೂತಿದ್ದಳು. ಮಗನ ಗುರುತು ಹತ್ತಿ ಮೂರ್ಛೆಹೋದಳು, ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವನು ದುರ್ಯೋಧನನು. ಅವನು ಕರ್ಣನನ್ನು ಆ ಕ್ಷಣವೇ ಅಂಗದೇಶದ ಅರಸನನ್ನಾಗಿ ಮಾಡಿದನು.

ಇದರಲ್ಲಿ ದುರ್ಯೋಧನನಿಗೆ ಸ್ವಾರ್ಥವಿತ್ತೆಂಬದು ನಿಜ. ಆದಾಗ್ಯೂ ಎಲ್ಲರೂ ನಗುವ ವೇಳೆಯಲ್ಲಿ ಹೆಗಲಿಗೆ ಕೈಯಿಟ್ಟವನನ್ನು ಯಾರು ಮರೆತಾರು? ಊರವರಿಂದ ತಳ್ಳಿಸಿಕೊಂಡ ಹುಡುಗನು ಕುಡುಕರ ಕೂಟವನ್ನು ಸೇರುವದನ್ನು ನಾವು ಕಂಡಿದ್ದೇವೆ. ಮೊದಲು ಹೆಸರು ಹಿಡಿದು ಕರೆದವರು ಅವರೇ. ಗಿಲ್ಯಾದಿನವರು ಹೊರಗಟ್ಟಿದ ಯೆಫ್ತಾಹನ ಸುತ್ತಲೂ ಕೂಡಿದವರು ಎಂಥವರೆಂದು ನ್ಯಾಯಸ್ಥಾಪಕರ 11ನೆಯ ಅಧ್ಯಾಯವನ್ನು ಓದಿದವರು ಬಲ್ಲರು. ಯುದ್ಧ ಬಂದಾಗ ಅವನನ್ನು ಕರೆಯಹೋದವರು ಆ ಹಿರಿಯರೇ.

ಕುಂತಿಯೂ ಯುದ್ಧವು ಹತ್ತಿರವಾದಾಗಲೇ ಬಂದಳು. ಗಂಗೆಯ ದಡದಲ್ಲಿ ಜಪಮಾಡುತ್ತಿದ್ದ ಮಗನ ಹಿಂದೆ, ಬಿಸಿಲನ್ನು ತಾಳಲಾರದೆ, ಅವನ ಉತ್ತರೀಯದ ನೆರಳಿನಲ್ಲಿ ಕಾದು ನಿಂತಳಂತೆ. ನೀನು ನನ್ನನ್ನು ಬಿಸಾಡಿದೆಯೆಂದು ಅವನು ಮುಖಕ್ಕೇ ಹೇಳಿದನು. ಹೇಳಿಯೂ, ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವದಿಲ್ಲವೆಂದು ಮಾತು ಕೊಟ್ಟನು. ಕೊಟ್ಟ ಮಾತನ್ನು ಉಳಿಸಿಕೊಂಡನು. ಪಕ್ಷವನ್ನು ಮಾತ್ರ ಬಿಡಲಿಲ್ಲ. ಬಿಡಬೇಕಿತ್ತೆಂದು ನಮಗೆ ತೋರುತ್ತದೆ; ಆದರೆ ಅನ್ನದ ಋಣವು ಅವನನ್ನು ಕಟ್ಟಿಹಾಕಿತ್ತು.

941ರಲ್ಲಿ ಭಾರತವನ್ನು ಕನ್ನಡದಲ್ಲಿ ಬರೆದ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಿಗೆ ಸಮನಾಗಿ ಹೊಗಳಿದನು. ಅಂಥವನೇ ಭಾರತದಲ್ಲಿ ಒಬ್ಬನನ್ನು ನೆನೆಯುವದಾದರೆ ಕರ್ಣನನ್ನು ನೆನೆಯಿರೆಂದು ಹೇಳಿದ್ದು ಆಶ್ಚರ್ಯವಲ್ಲವೇ?

ಯುದ್ಧವು ಮುಗಿದು ಸತ್ತವರಿಗೆ ನೀರು ಬಿಡುವಾಗ, ಅವನು ನಿಮ್ಮ ಅಣ್ಣನು ಎಂದು ಕುಂತಿಯು ಪಾಂಡವರಿಗೆ ಹೇಳಿದಳು.