ಮರುಪರೀಕ್ಷೆಯ ನಂತರ ಮಾಸಾಶನ ಇಳಿದರೆ

ಪ್ರಶ್ನೆ: ಬೌದ್ಧಿಕ ವೈಕಲ್ಯವಿರುವ ಮಗುವಿನ ಮಾಸಾಶನ ಪ್ರಮಾಣಪತ್ರ ನವೀಕರಿಸಿದ ಮೇಲೆ ಕಡಿಮೆಯಾಗುವುದೇಕೆ?

ಉತ್ತರ: ಮಾಸಾಶನ ನಿಂತಿರುವುದು ಪ್ರಮಾಣಪತ್ರದಲ್ಲಿ ನಮೂದಾದ ಶೇಕಡಾವಾರಿನ ಮೇಲೆ, ಮಗುವಿನ ಆರೈಕೆಗೆ ತಗಲುವ ಖರ್ಚಿನ ಮೇಲಲ್ಲ. ಕರ್ನಾಟಕದಲ್ಲಿ ಶೇ 40ರಿಂದ ಶುರುವಾಗುವ ಕೆಳಹಂತಕ್ಕೆ ತಿಂಗಳಿಗೆ 800 ರೂಪಾಯಿ. ಶೇ 75ರ ಮೇಲಿನ ಹಂತಕ್ಕೆ 1,400, ವೈಕಲ್ಯದ ಬಗೆ ನೋಡಿಕೊಂಡು ಅದಕ್ಕೂ ಹೆಚ್ಚು. ಕೇಂದ್ರದ ಮಾರ್ಗಸೂಚಿಯಂತೆ ಐದು ವರ್ಷದೊಳಗಿನ ಮಗುವಿಗೆ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ. ಅದನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. ಮೊತ್ತ ಬದಲಾಗುವುದು ಹೆಚ್ಚಾಗಿ ಈ ತಿರುವುಗಳಲ್ಲೇ.

ಅದೇ ಮಾರ್ಗಸೂಚಿಯಲ್ಲಿ, ಮಗುವಿನ ದಿನನಿತ್ಯದ ಸ್ವಾವಲಂಬನೆಯನ್ನು ಅಳೆಯುವ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆ ಮಾಪನದ ಅಂಕ 36ರಿಂದ 54ರವರೆಗಿದ್ದರೆ ವೈಕಲ್ಯ ಶೇ 75. 55ರಿಂದ 69 ಆದರೆ ಶೇ 50. ಒಂದೇ ಅಂಕ ಮೇಲೇರಿದರೂ ಪ್ರಮಾಣ 25ರಷ್ಟು ಕುಸಿಯಬಹುದು. ಮಗುವಿಗೆ ಬೇಕಾದ ನೆರವು ಅಷ್ಟೇ ಇಳಿದಿದೆ ಎಂದು ಇದರ ಅರ್ಥವಲ್ಲ.

ಪ್ರಶ್ನೆ: ಮರುಪರೀಕ್ಷೆಗೆ ಸಿದ್ಧತೆ ಹೇಗಿರಬೇಕು?

ಉತ್ತರ: ಬೌದ್ಧಿಕ ವೈಕಲ್ಯ ನಿರ್ಧರಿಸುವ ಮಂಡಳಿಯಲ್ಲಿ ಮಕ್ಕಳ ತಜ್ಞರು ಅಥವಾ ಮನೋವೈದ್ಯರ ಜೊತೆ ತರಬೇತಾದ ಮನಃಶಾಸ್ತ್ರಜ್ಞರೂ ಇರಬೇಕು. ತಾಲ್ಲೂಕು ಮಟ್ಟದಲ್ಲಿ ಅಂಥ ಮಂಡಳಿ ಸಿಗುವುದು ಅಪರೂಪ. ಹಾಗಾಗಿ ಹಾಸನ ಜಿಲ್ಲೆಯ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕುಟುಂಬಗಳು ಸಾಮಾನ್ಯವಾಗಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾದ ಹಿಮ್ಸ್‌ವರೆಗೆ ಬರಬೇಕಾಗುತ್ತದೆ. ಮಾತು, ಶ್ರವಣದ ತೊಂದರೆಯೂ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ವರದಿ ಜೊತೆಗಿರುವುದು ಒಳ್ಳೆಯದು.

ವೈನ್‌ಲ್ಯಾಂಡ್ ಅಂಕ ಬಹುಮಟ್ಟಿಗೆ ಹೆತ್ತವರ ಉತ್ತರದಿಂದಲೇ ಬರುತ್ತದೆ. ಅಭಿಮಾನವೋ ಸಂಕೋಚವೋ, ಅನೇಕರು ‘ಊಟ ತಾನೇ ಮಾಡ್ತಾಳೆ’ ಎಂದುಬಿಡುತ್ತಾರೆ. ಮುದ್ದೆಯನ್ನು ತಾನೇ ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಾಳೆಯೇ, ಇಲ್ಲವೇ ತಾಯಿ ತುತ್ತು ಮಾಡಿಟ್ಟದ್ದನ್ನು ಬಾಯಿಗಿಟ್ಟುಕೊಳ್ಳುತ್ತಾಳೆಯೇ? ಇವೆರಡೂ ಒಂದೇ ಅಲ್ಲ. ಗುಂಡಿ ಹಾಕುವುದು, ಶೌಚ, ಒಬ್ಬಳೇ ಪಕ್ಕದ ಮನೆಗೆ ಹೋಗಿಬರುವುದು, ಎಲ್ಲದಕ್ಕೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಹೆಚ್ಚು ಮಾಡಿ ಹೇಳಬಾರದು, ಮುಚ್ಚಿಡಲೂಬಾರದು. ಹಳೆಯ ವರದಿ, ಥೆರಪಿ ಚೀಟಿ, ಶಾಲೆಯ ಟಿಪ್ಪಣಿ ಕೈಯಲ್ಲಿರಲಿ.

ಪ್ರಮಾಣ ತಪ್ಪಾಗಿದೆ ಎನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಅಡಿ ಮೇಲ್ಮನವಿಗೆ ಅವಕಾಶವಿದೆ.

ಪ್ರಶ್ನೆ: ಶೇಕಡಾವಾರು ಬದಲಾಗದೆಯೂ ಹಣ ನಿಂತರೆ?

ಉತ್ತರ: ಆಗ ಕಾರಣ ವೈದ್ಯಕೀಯದ್ದಲ್ಲ. ತಾತ್ಕಾಲಿಕ ಪ್ರಮಾಣಪತ್ರದ ಅವಧಿ, ಐದು ವರ್ಷಕ್ಕಷ್ಟೇ ಊರ್ಜಿತವಾಗುವ ಆದಾಯ ಪ್ರಮಾಣಪತ್ರ, ಖಾತೆಯ ಆಧಾರ್ ಜೋಡಣೆ, ಈ ಮೂರನ್ನು ಮೊದಲು ನೋಡಬೇಕು. ನಾಡಕಚೇರಿಗೆ ಅಲೆಯುವ ಮುನ್ನ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿ.ಆರ್.ಡಬ್ಲ್ಯೂ.) ಕೇಳಿದರೆ ಅರ್ಧ ಓಡಾಟ ತಪ್ಪುತ್ತದೆ.

ಪ್ರಶ್ನೆ: ಮಾಸಾಶನ ಇಳಿದರೆ ಉಳಿದ ಸೌಲಭ್ಯಗಳೂ ಹೋಗುತ್ತವೆಯೇ?

ಉತ್ತರ: ಇಲ್ಲ. ಶೇ 40 ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಹಾಗೆಯೇ ಇರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯವುಳ್ಳವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ; ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.