ಟೊಂಕದಿಂದ ಹಣೆಗೆ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಆಂಜನೇಯನ ಕ್ಷೇತ್ರ. ಅಲ್ಲಿಯ ದೇವರನ್ನು ಜನರು ಕಾಂತೇಶನೆಂದು ಕರೆಯುತ್ತಾರೆ. ಆ ಸೀಮೆಯ ರೈತನ ಹೆಗಲ ಮೇಲೆ ಒಂದು ವಲ್ಲಿ ಇರುವುದು ವಾಡಿಕೆ. ಬಿಸಿಲೇರಿದರೆ ಅದೇ ತಲೆಗೆ ರುಮಾಲು. ಮೆಣಸಿನಕಾಯಿಯ ಚೀಲ ಹೊರುವಾಗ ಸಿಂಬಿ. ಭಾರದ ಕೆಲಸಕ್ಕೆ ಇಳಿದಾಗ ನಡುಕಟ್ಟು. 'ಟೊಂಕ ಕಟ್ಟಿ ನಿಲ್ಲು' ಎಂಬ ನುಡಿಗಟ್ಟಿನಲ್ಲಿ ಕಾಣುವುದು ಈ ಕಟ್ಟೇ. ಟೊಂಕವೆಂದರೆ ಸೊಂಟ. ಬಿಗಿದು ಉಟ್ಟ ಬಟ್ಟೆಗೆ ಕಾಸೆ ಎಂಬ ಹೆಸರೂ ಉಂಟು. ವೀರನ ಕಾಸೆಯೇ ವೀರಗಾಸೆ. ಇಲ್ಲಿ ಕಕಾರವು ಗಕಾರವಾದುದು ಆದೇಶಸಂಧಿ.

ಇಂಗ್ಲಿಷಿನವರು ನಡುಕಟ್ಟಿಗೆ 'ಸ್ಯಾಶ್' ಎನ್ನುತ್ತಾರೆ. ಅದು ಅರಬ್ಬಿಯಿಂದ ಹೋದ ಮಾತು; ಅಲ್ಲಿ ತೆಳುವಾದ ಬಟ್ಟೆ ಎಂದು ಅರ್ಥ. ಕಿಟಕಿಯ ಗಾಜು ಕೂರಿಸುವ ಚೌಕಟ್ಟಿಗೂ ಅವರಲ್ಲಿ ಅದೇ ಹೆಸರು. ಆದರೆ ಅದರ ತವರು ಫ್ರೆಂಚ್. ನಮ್ಮ ಲಾರಿಯವರ ಬಾಯಲ್ಲಿರುವ 'ಚಾಸಿ' ಅದರ ಒಡಹುಟ್ಟು! ಉಚ್ಚಾರ ಒಂದಾದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ.

ಕನ್ನಡದ 'ಪಟ್ಟ' ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಒಂದೇ ಮೂಲದಿಂದ ಹಲವು ಮಾತುಗಳು ಕವಲೊಡೆದವು. ಗಾಯಕ್ಕೆ ಕಟ್ಟುವ ಪಟ್ಟಿ, ಹೆಸರುಗಳ ಪಟ್ಟಿ, ಮಡಿಗೆ ಉಡುವ ಪಟ್ಟೆ, ಹುಲಿಯ ಮೈಮೇಲಿನ ಪಟ್ಟೆ, ಎಲ್ಲವೂ ಈ ಬಳಗದವೇ. ಪಟ್ಟವೆಂದರೆ ಮೊದಲು ಸಿಂಹಾಸನವಲ್ಲ. ಹಣೆಗೆ ಕಟ್ಟುತ್ತಿದ್ದ ಪಟ್ಟಿ. ಆದುದರಿಂದಲೇ ಇಂದಿಗೂ ಪಟ್ಟವನ್ನು 'ಕಟ್ಟುತ್ತಾರೆ'.

ಈ ಪಟ್ಟಿಯ ಬೆಲೆ ಹಗುರವಾದುದಲ್ಲ. ಕ್ರಿ.ಶ. 900ರ ಸುಮಾರಿನ ಬೇಗೂರಿನ ವೀರಗಲ್ಲಿನಂತೆ, ನಾಗತ್ತರನು ಕಾಳಗದಲ್ಲಿ ಕಾದಿ ಮಡಿದ ಬಳಿಕ ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಊರುಗಳನ್ನು ಕೊಟ್ಟನು. ಸತ್ತವನ ಹೊಣೆ ಬದುಕಿದ್ದವನ ಹಣೆಗೇರಿತು.

ಪಂಪನು 941ರಲ್ಲಿ ರಚಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ದುರ್ಯೋಧನನು ಭೀಷ್ಮನಿಗೆ ವೀರಪಟ್ಟವನ್ನು ಕಟ್ಟುತ್ತಾನೆ. ಕರ್ಣನಿಗೆ ಅದು ಸಹಿಸದು. ಮುದುಕನ ಹಣೆಯ ಮೇಲಿನ ಪಟ್ಟ ಬರಿಯ ಹಗ್ಗಕ್ಕೆ ಸಮಾನವೆಂದು ತುಂಬಿದ ಸಭೆಯಲ್ಲಿ ಹಂಗಿಸುತ್ತಾನೆ. ಯೌವನದ ಮಾತು ಎಷ್ಟು ಹರಿತ! ದಿನಗಳು ಕಳೆಯುತ್ತವೆ; ಭೀಷ್ಮನು ಬೀಳುತ್ತಾನೆ, ದ್ರೋಣನೂ ಬೀಳುತ್ತಾನೆ. ಅದೇ ಪಟ್ಟ ಈಗ ಕರ್ಣನ ಪಾಲಿಗೆ ಬರುತ್ತದೆ. ಅವನು ಶರಶಯ್ಯೆಯಲ್ಲಿ ಒರಗಿದ ಆ ಮುದುಕನ ಬಳಿಗೆ ಹೋಗಿ, ಕಾಲಿಗೆರಗಿ, ಹಿಂದೆ ಆಡಿದ ಮಾತನ್ನು ಮರೆಯಬೇಕೆಂದು ಬೇಡಿಕೊಳ್ಳುತ್ತಾನೆ.