ಖನಿಜಕ್ಕೂ ಶಿಲೆಗೂ ಇರುವ ಭೇದ

ಕಡರನಾಯಕನಹಳ್ಳಿಯೇ ಮೊದಲಾದ ಹರಿಹರ ಸೀಮೆಯ ಗ್ರಾಮಗಳ ಹಿಡುವಳಿದಾರರೂ ಮುಖಂಡರೂ ತಮ್ಮ ಹೊಲದ ಮಣ್ಣು ಯಾವುದರಿಂದ ಆಯಿತೆಂಬುದನ್ನು ಅರಿತಿರುವುದು ಹಿತಕರವು.

ನಿಯತವಾದ ರಾಸಾಯನಿಕ ರಚನೆಯುಳ್ಳ, ಭೂಮಿಯಲ್ಲಿ ತಾನಾಗಿಯೇ ಉಂಟಾದ ಘನಪದಾರ್ಥವು ಖನಿಜವೆನಿಸುವುದು. ಇಂಥ ಖನಿಜಗಳು ಸಾಮಾನ್ಯವಾಗಿ ಹಲವು ಕೂಡಿ ಆದದ್ದು ಶಿಲೆಯು. ಚಪ್ಪಡಿಗಾಗಿ ಸೀಳುವ ಕಣಶಿಲೆಯ ಹೊಸ ಒಡಕನ್ನು ನೋಡಿರಿ. ಗಾಜಿನಂತಿರುವ ಕಣವು ಬೆಣಚು. ಬಿಳುಪು ಇಲ್ಲವೆ ನಸುಗೆಂಪಾದುದು ಫೆಲ್‌ಸ್ಪಾರು. ಹಾಳೆಹಾಳೆಯಾಗಿ ಬಿಡುವ ಹೊಳಪಿನ ಚೂರು ಕಾಗೆಬಂಗಾರ, ಎಂದರೆ ಅಭ್ರಕ. ಇವು ಮೂರೂ ಖನಿಜಗಳು. ಇವುಗಳಿಂದಾದ ಬಂಡೆಯು ಶಿಲೆ.

ಬಂಡೆಯು ಬಿಸಿಲುಮಳೆಗಳಿಂದ ಶಿಥಿಲವಾದಾಗ ಬೆಣಚು ಮರಳಾಗಿ ಉಳಿಯುವುದು; ಅದರಿಂದ ಪೈರಿಗೆ ಆಹಾರವಿಲ್ಲ. ಫೆಲ್‌ಸ್ಪಾರು ಜೇಡಿಯಾಗುವುದು, ಅದರ ಒಂದು ಜಾತಿಯೂ ಅಭ್ರಕವೂ ಪೊಟ್ಯಾಷನ್ನು ಬಹು ನಿಧಾನವಾಗಿ ಬಿಟ್ಟುಕೊಡುವುವು. ಸಾರಜನಕವಾದರೋ ಈ ಮೂರರಲ್ಲಿಯೂ ದೊರೆಯದು. ಆದುದರಿಂದ ಕೊಟ್ಟಿಗೆಗೊಬ್ಬರವನ್ನೂ ಹಸುರೆಲೆಗೊಬ್ಬರವನ್ನೂ ಬಿಡಲಾಗದು.

ಎರೆಭೂಮಿಯಲ್ಲಿ ಸಿಕ್ಕುವ ಸುಣ್ಣದ ಹರಳನ್ನು ಪುಡಿಮಾಡಿ ನಿಂಬೆಯ ರಸವನ್ನು ಹಿಂಡಿದರೆ ಗುಳ್ಳೆಗಳೇಳುವುವು. ಇದು ಕ್ಯಾಲ್ಸೈಟೆಂಬ ಖನಿಜದ ಗುರುತು, ಬೆಣಚಿನಲ್ಲಿ ಹೀಗಾಗದು. ಇಂಥ ಹರಳು ಹೇರಳವಾಗಿರುವ ಹೊಲಕ್ಕೆ ಸುಣ್ಣವನ್ನು ಕೊಂಡು ಹಾಕುವುದು ವ್ಯರ್ಥವೆಚ್ಚವು. ಆ ಹಣವನ್ನು ಗೊಬ್ಬರಕ್ಕೆ ವಿನಿಯೋಗಿಸತಕ್ಕದ್ದು.